ಬೇಸಿಗೆ ರಜೆಗೆ ಈಕೋದಲ್ಲಿ ಸ್ಪಿತಿ: ಅತ್ತೆ, ಮಗಳನ್ನು ಕರೆದುಕೊಂಡು ಹೋಗಬಹುದಾ?

ಬೇಕರಿ ಮನೆ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ಚಿಕ್ಕ ಬೇಕರಿ. ಮನೆಗೂ ಕೆಲಸಕ್ಕೂ ಆಗಲಿ ಅಂತ ನಾಲ್ಕು ವರ್ಷದ ಹಿಂದೆ ಐದು ಸೀಟಿನ ಪೆಟ್ರೋಲ್ ಮಾರುತಿ ಈಕೋ ವ್ಯಾನ್ ತೆಗೆದುಕೊಂಡೆವು. ನಾನೂ ನಮ್ಮನೆಯವರೂ ಇಬ್ಬರೂ ಓಡಿಸುತ್ತೇವೆ. ಈ ಸಲ ಮಗಳ ಬೇಸಿಗೆ ರಜೆಯಲ್ಲಿ ಮೇ ತಿಂಗಳು ಪೂರ್ತಿ ಅಂಗಡಿಯನ್ನು ಮೈದುನನಿಗೆ ಒಪ್ಪಿಸಿ, ಹಿಮಾಚಲದ ಸ್ಪಿತಿ ಕಣಿವೆಗೆ ಹೋಗೋಣ ಅಂತಿದ್ದೇವೆ.

ಗಾಡಿಯ ಹಿಂದೆ ಪ್ಲೈವುಡ್ ಹಲಗೆ ಹಾಸಿ ಹಾಸಿಗೆ ಮಾಡುವ ಯೋಚನೆ. ರಾತ್ರಿ ನಾನು, ಅತ್ತೆ, ಮಗಳು ಗಾಡಿಯಲ್ಲಿ. ನಮ್ಮನೆಯವರು ಪಕ್ಕದಲ್ಲೇ ಟೆಂಟ್ ಹಾಕಿಕೊಳ್ಳುತ್ತಾರೆ. ಅಡುಗೆ ನಮ್ಮದೇ. ಮನಾಲಿಯಿಂದ ಹೊರಟು ಮೊದಲ ರಾತ್ರಿ ಚಂದ್ರತಾಲ್, ಆಮೇಲೆ ಕಾಜಾ, ಕೊನೆಗೆ ಕಿನ್ನೌರ್ ಮೇಲೆ ಶಿಮ್ಲಾ. ಇಷ್ಟು ಲೆಕ್ಕ ಹಾಕಿದ್ದೇವೆ. ಚಂದ್ರತಾಲ್ ಕೆರೆ ದಡದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ಎತ್ತಿ, ಮಲಗಿದಲ್ಲಿಂದಲೇ ನಕ್ಷತ್ರ ನೋಡಬೇಕು ಅನ್ನೋದು ಮಗಳ ಆಸೆ. ಒಂಬತ್ತು ವರ್ಷ ಅವಳಿಗೆ. ಆರು ತಿಂಗಳಿಂದ ಇದೇ ಮಾತು.

ಅತ್ತೆಗೆ 64. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಬಿಟ್ಟರೆ ಗಟ್ಟಿ. ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಈಕೋದಲ್ಲಿ ಆ ದಾರಿ ಸಾಧ್ಯವಾ? ಚಳಿ ಹೇಗಿರುತ್ತೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಹಾವೇರಿ ಟೈರ್ ಅಂಗಡಿ

ಅಕ್ಕ, ನಾನು 2022ರ ಜೂನ್ ಕೊನೆಯಲ್ಲಿ ಈಕೋದಲ್ಲೇ ಹೋಗಿ ಬಂದವನು. ಜೊತೆಗೆ ಹೆಂಡತಿ, ಕಾಲೇಜಿಗೆ ಹೋಗುವ ಮಗ. ಟೈರ್ ಅಂಗಡಿ ಇಟ್ಟು 24 ವರ್ಷ ಆಯಿತು. ಗಾಡಿ ವಿಷಯ ಧೈರ್ಯವಾಗಿ ಹೇಳಬಲ್ಲೆ. ಈಕೋ ಹೋಗುತ್ತೆ. ಹಿಂದಿನ ಚಕ್ರ ತಳ್ಳುವ ಗಾಡಿ, ಸಾಮಾನಿನ ಭಾರ ಹಿಂದೆ ಇದ್ದರೆ ಏರಿನಲ್ಲಿ ಹಿಡಿತ ಚೆನ್ನಾಗಿ ಸಿಗುತ್ತೆ. ಆದರೆ ನೀವು ಹಾಕಿರುವ ದಾರಿ ಬೇಡ. ಗಾಡಿಗಾಗಿ ಅಲ್ಲ, ಒಳಗೆ ಕೂತವರಿಗಾಗಿ.

ಮೊದಲನೇ ಮಾತು. ಮೇ ತಿಂಗಳಲ್ಲಿ ಮನಾಲಿ ಕಡೆಯಿಂದ ದಾರಿಯೇ ಇರಲ್ಲ ಅಂತ ಇಟ್ಟುಕೊಳ್ಳಿ. ನಡುವೆ ಕುಂಜುಮ್ ಪಾಸ್ ಇದೆ, 4,551 ಮೀಟರ್. ಅಲ್ಲಿ ಹಿಮ ಸರಿಸಿ ದಾರಿ ಬಿಡುವುದು ಸಾಮಾನ್ಯವಾಗಿ ಜೂನ್‌ನಲ್ಲಿ. ಕೆಲವು ವರ್ಷ ಸ್ವಲ್ಪ ಮುಂಚೆ, ಕೆಲವು ವರ್ಷ ಇನ್ನೂ ತಡ. ನಮ್ಮ ಮಕ್ಕಳಿಗೆ ಮೇ ಕೊನೆಗೆ ಸ್ಕೂಲು ಶುರು. ಹಾಗಾಗಿ ಕರ್ನಾಟಕದ ಬೇಸಿಗೆ ರಜೆಗೂ ಕುಂಜುಮ್‌ಗೂ ತಾಳೆ ಆಗುವುದೇ ಇಲ್ಲ. ಶಿಮ್ಲಾ, ಕಿನ್ನೌರ್ ಕಡೆಯ ದಾರಿ ಮಾತ್ರ ಹೆಚ್ಚುಕಡಿಮೆ ವರ್ಷವಿಡೀ ಇರುತ್ತೆ. ಅಲ್ಲಿಂದ ಹತ್ತಿ, ಅಲ್ಲಿಂದಲೇ ಇಳಿಯಿರಿ.

ಎರಡನೇದು, ಕುಂಜುಮ್ ತೆರೆದಿದ್ದರೂ ನಿಮಗೆ ಇದನ್ನೇ ಹೇಳುತ್ತಿದ್ದೆ. ಮನಾಲಿ ಸುಮಾರು 2,000 ಮೀಟರ್. ಚಂದ್ರತಾಲ್ 4,200ಕ್ಕೂ ಜಾಸ್ತಿ. ಒಂದೇ ದಿನದಲ್ಲಿ ಅಷ್ಟು ಹತ್ತಿ ಅಲ್ಲೇ ಮಲಗಿದರೆ ಗಟ್ಟಿಮುಟ್ಟಾದ ಹುಡುಗರಿಗೂ ರಾತ್ರಿ ತಲೆ ಸಿಡಿಯುತ್ತೆ. ನನ್ನ ಮಗ ಅಲ್ಲಿ ರಾತ್ರಿಯಿಡೀ ಕೂತೇ ಇದ್ದ, ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತೆ ಅಂತ. ನಾವು ಕಾಜಾದಲ್ಲಿ ಮೂರು ದಿನ ಇದ್ದು ಹೋದವರು, ಆದರೂ ಹೀಗಾಯಿತು. ಇನ್ನು ಕೆರೆ ದಡದಲ್ಲಿ ಗಾಡಿ ನಿಲ್ಲಿಸಿ ಮಲಗುವುದಕ್ಕೆ ಬಿಡುವುದಿಲ್ಲ. ಅದು 2005ರಿಂದ ರಾಮ್ಸಾರ್ ಪಟ್ಟಿಯಲ್ಲಿರುವ ಕೆರೆ, ಅಂದರೆ ಕಾಪಾಡಲೇಬೇಕಾದ ಕೆರೆ, ಜೌಗುಗಳ ಅಂತರರಾಷ್ಟ್ರೀಯ ಪಟ್ಟಿ. ಗಾಡಿ ಒಂದು ಕಿಲೋಮೀಟರ್ ಹಿಂದೆಯೇ ನಿಲ್ಲಬೇಕು, ಟೆಂಟುಗಳು ಇನ್ನೂ ಹಿಂದೆ. ಮಗಳಿಗೆ ಈಗಲೇ ಹೇಳಿಬಿಡಿ. ಅಲ್ಲಿ ಹೋಗಿ ನಿರಾಸೆ ಆಗುವುದು ಬೇಡ. ನಕ್ಷತ್ರಕ್ಕೆ ಬೇರೆ ಜಾಗ ಹೇಳುತ್ತೇನೆ.

ಶಿಮ್ಲಾ ದಾರಿಯಲ್ಲಿ ಬೆಟ್ಟ ನಿಮ್ಮನ್ನು ನಿಧಾನಕ್ಕೆ ಎತ್ತಿಕೊಂಡು ಹೋಗುತ್ತೆ. ನಾರ್ಕಂಡಾ 2,700, ಸಾಂಗ್ಲಾ ಹತ್ತಿರಹತ್ತಿರ ಅಷ್ಟೇ, ಕಲ್ಪಾ 2,960. ಈ ಮೂರರಲ್ಲಿ ಕಡಿಮೆ ಅಂದರೂ ಐದು ರಾತ್ರಿ ಕಳೆಯಿರಿ. ಆಮೇಲೆ ನಾಕೋ ಬರುತ್ತೆ, 3,600 ಮೀಟರ್ ಮೇಲೆ. ಅದನ್ನು ಹಗಲು ನೋಡಿಕೊಂಡು, ರಾತ್ರಿಗೆ ಇಳಿದು ತಾಬೋಕ್ಕೆ ಹೋಗಿ, 3,280. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗಬೇಕು ಅನ್ನುತ್ತಾರಲ್ಲ, ಆ ದಾರಿ ತಾನಾಗಿಯೇ ಹಾಗೆ ಇದೆ. ತಾಬೋದಲ್ಲಿ ಎರಡು ಮೂರು ದಿನ ಕೂತುಬಿಡಿ. ಸ್ವಂತ ಗಾಡಿಯಲ್ಲಿ ಮನೆ ಹೊತ್ತುಕೊಂಡು ಹೋಗುವುದೇ ಅದಕ್ಕಲ್ವಾ? ಹೋಟೆಲ್ ಬುಕ್ ಆಗಿದೆ, ಇವತ್ತು ಮುಟ್ಟಲೇಬೇಕು ಅನ್ನುವ ಗಡಿಬಿಡಿ ನಮಗಿಲ್ಲ. ಯಾರಿಗಾದರೂ ತಲೆನೋವು ಅಂದರೆ ಅಲ್ಲೇ ಒಂದು ದಿನ ಜಾಸ್ತಿ.

ತಾಬೋದ ಮಠ ಕಟ್ಟಿದ್ದು 996ರಲ್ಲಿ. ಹೊರಗಿನಿಂದ ನೋಡಿದರೆ ನಮ್ಮ ಕಡೆಯ ಹಳೇ ಮಣ್ಣಿನ ಮನೆಗಳ ಹಾಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಒಳಗೆ ಹೋದ ಮೇಲೆ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಗೋಡೆ ತುಂಬ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಅದೇ ಒಳ್ಳೆಯದು, ಎಲ್ಲರೂ ಸುಮ್ನೆ ನಿಂತು ನೋಡುತ್ತಾರೆ. ನನ್ನ ಹೆಂಡತಿ ಅಲ್ಲಿ ಒಂದು ಗಂಟೆ ಕೂತಿದ್ದಳು.

ನಕ್ಷತ್ರವೂ ಅಲ್ಲೇ. ಊರು ಚಿಕ್ಕದು, ದೀಪ ಕಡಿಮೆ, ಮೋಡ ಕಡಿಮೆ. ಅಮಾವಾಸ್ಯೆ ಹೊತ್ತಿಗೆ ತಾಬೋದಲ್ಲಿರುವ ಹಾಗೆ ಲೆಕ್ಕ ಹಾಕಿ. ಅಮಾವಾಸ್ಯೆ ದಿನ ಪ್ರಯಾಣ ಬೇಡ ಅಂತ ನಿಮ್ಮತ್ತೆ ಅಂದರೂ ತೊಂದರೆ ಇಲ್ಲ, ಅವತ್ತು ಹೇಗೂ ವಿಶ್ರಾಂತಿ. ಊರ ಅಂಚಿನಲ್ಲಿ ಯಾರದಾದರೂ ಸೇಬಿನ ತೋಟದ ಪಕ್ಕ ಜಾಗ ಕೇಳಿ. ಕೇಳದೆ ನಿಲ್ಲಿಸಬೇಡಿ. ನಾವು ಕೇಳಿದ ಮನೆಯವರು ಜಾಗ ಕೊಟ್ಟು, ಬಕೆಟ್ ನೀರು ಕೊಟ್ಟು, ಬೆಳಿಗ್ಗೆ ಬೆಣ್ಣೆ ಹಾಕಿದ ಚಹಾ ಬೇರೆ ಕೊಟ್ಟರು.

ಚಳಿಯ ವಿಷಯ. ಮೇನಲ್ಲಿ ಕಾಜಾದಲ್ಲಿ ರಾತ್ರಿ ಸೊನ್ನೆ ಹತ್ತಿರಕ್ಕೆ ಇಳಿಯುತ್ತೆ. ಗಾಡಿಯ ತಗಡು ಚಳಿ ತಡೆಯಲ್ಲ. ಅದಕ್ಕೇ ನಾಕೋದಲ್ಲೋ ಕಾಜಾದಲ್ಲೋ ರಾತ್ರಿ ಇರಬೇಕಾಗಿ ಬಂದರೆ ಹೋಮ್‌ಸ್ಟೇ ನೋಡಿ. ಗಾಡಿಯಲ್ಲಿ ಮಲಗುವುದನ್ನು ಸಾಂಗ್ಲಾ, ಕಲ್ಪಾ, ತಾಬೋಕ್ಕೆ ಇಟ್ಟುಕೊಳ್ಳಿ. ಹಲಗೆ ಮೇಲೆ ಹಾಸಿಗೆಗಿಂತ ಮೊದಲು ದಪ್ಪ ಫೋಮ್ ಶೀಟ್ ಹಾಕಿ, ಚಳಿ ಕೆಳಗಿನಿಂದಲೇ ಜಾಸ್ತಿ ಏರುತ್ತೆ. ಕಿಟಕಿ ಎರಡು ಬೆರಳಷ್ಟು ತೆರೆದಿರಲೇಬೇಕು. ಮೊದಲ ರಾತ್ರಿ ನಾವು ಬೆಚ್ಚಗಿರಲಿ ಅಂತ ಎಲ್ಲ ಮುಚ್ಚಿದೆವು. ಬೆಳಿಗ್ಗೆ ಎದ್ದರೆ ಗಾಜಿನ ಒಳಗಡೆ ನೀರು ಇಳಿಯುತ್ತಿತ್ತು, ತಲೆದಿಂಬು ಒದ್ದೆ, ಕಂಬಳಿಯ ಅಂಚು ಒದ್ದೆ. ಮೂರು ಜನರ ಉಸಿರು ಅಷ್ಟೂ ಅಲ್ಲೇ ಕೂತಿತ್ತು. ಬಿಸಿಗಾಗಿ ಎಂಜಿನ್ ಆನ್ ಇಟ್ಟು ಮಲಗಬೇಡಿ. ಒಳಗೆ ಸ್ಟೋವ್ ಹಚ್ಚಬೇಡಿ. ಇದರಲ್ಲಿ ಸ್ವಲ್ಪವೂ ರಾಜಿ ಬೇಡ ಅಕ್ಕ, ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿಗೆ ವಾಸನೆಯೂ ಇರಲ್ಲ, ಮಲಗಿದವರು ಏಳಲ್ಲ.

ಅಡುಗೆಗೆ ಕುಕ್ಕರ್ ಇಲ್ಲದೆ ಹೋಗಬೇಡಿ. ನಾಕೋದಲ್ಲಿ ನನ್ನ ಹೆಂಡತಿ ಪಾತ್ರೆಯಲ್ಲಿ ಅನ್ನಕ್ಕಿಟ್ಟಳು. ನೀರು ಬೇಗನೇ ಮರಳಿತು, ಕೊತಕೊತ ಅಂತಿತ್ತು. ಮುಕ್ಕಾಲು ಗಂಟೆ ಆದರೂ ಅಗುಳು ಹಿಸುಕಿದರೆ ಒಳಗೆ ಬಿಳಿ ಚುಕ್ಕೆ ಹಾಗೇ. ಅಷ್ಟು ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತೆ. ಎಷ್ಟು ಉರಿ ಕೊಟ್ಟರೂ ಅದರ ಮೇಲೆ ಬಿಸಿ ಏರಲ್ಲ, ಸುಮ್ನೆ ಆವಿಯಾಗಿ ಹೋಗುತ್ತೆ. ಬೇಳೆಯಂತೂ ಕೇಳಲೇಬೇಡಿ. ಮರುದಿನದಿಂದ ಎಲ್ಲಕ್ಕೂ ಮೂರು ಲೀಟರ್ ಕುಕ್ಕರ್. ಊರಲ್ಲಿ ಮೂರು ವಿಷಲ್‌ಗೆ ಬೇಯುವ ಬೇಳೆಗೆ ಅಲ್ಲಿ ಐದು ಬೇಕಾಯಿತು. ಚಿಕ್ಕ ಡಬ್ಬಿಯ ಬ್ಯೂಟೇನ್ ಸ್ಟೋವ್ ಇದ್ದರೆ, ಬೆಳಗಿನ ಚಳಿಗೆ ಉರಿ ಸಣ್ಣಗಾಗುತ್ತೆ. ಡಬ್ಬಿಯನ್ನು ರಾತ್ರಿ ಕಂಬಳಿಯೊಳಗೆ ಇಟ್ಟುಕೊಂಡಿದ್ದರೆ ಚಹಾ ಬೇಗ ಆಗುತ್ತೆ. ಬೆಂಕಿಯ ಹತ್ತಿರ ಇಟ್ಟು ಬಿಸಿ ಮಾಡಲು ಹೋಗಬೇಡಿ. ಜೊತೆಗೆ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ನಾವು 60 ರೊಟ್ಟಿ ಒಯ್ದಿದ್ದೆವು. ನೀರು ಬೇಡ, ಗ್ಯಾಸ್ ಬೇಡ, ಕೆಡಲ್ಲ. ಮೊಸರು ಕಾಜಾದಲ್ಲಿ ಸಿಕ್ಕಿತು.

ಈಗ ಟೈರ್. 13 ಇಂಚಿನ ಚಕ್ರ, ಅದರ ಪಕ್ಕದ ಗೋಡೆ ತೆಳು. ಸವೆದಿರುವ ಟೈರಲ್ಲಿ ಹೋಗಬೇಡಿ. ಎತ್ತರಕ್ಕೆ ಹೋದ ಹಾಗೆ ಹೊರಗಿನ ಗಾಳಿ ತೆಳುವಾಗುತ್ತೆ, ಚಿಪ್ಸ್ ಪೊಟ್ಟಣ ಉಬ್ಬುವ ಹಾಗೆ ಟೈರಿನ ಒತ್ತಡವೂ ಏರುತ್ತೆ. ಚಳಿ ಅದನ್ನು ಸ್ವಲ್ಪ ಇಳಿಸುತ್ತೆ. ಹಾಗಾಗಿ ಊಹೆ ಬೇಡ, ಒಂದು ಗೇಜ್ ಇಟ್ಟುಕೊಂಡು ದಿನಾ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿ. ಇಳಿಜಾರಿನಲ್ಲಿ ಎರಡನೇ ಗೇರು, ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ. ಪೆಟ್ರೋಲ್ ರೆಕಾಂಗ್ ಪಿಯೋದಲ್ಲಿ ಪೂರ್ತಿ ತುಂಬಿಸಿ, ಮುಂದೆ ಕಾಜಾವರೆಗೆ 200 ಕಿಲೋಮೀಟರ್ ಹತ್ತಿರ ಅದರಲ್ಲೇ ಓಡಬೇಕು. ಮಲಗುವ ಗಾಡಿಯಲ್ಲಿ ಪೆಟ್ರೋಲ್ ಕ್ಯಾನ್ ಇಡಬೇಡಿ. ಸೀಟು ಬಿಚ್ಚಿಸಬೇಡಿ, ನಾಲ್ಕು ಜನಕ್ಕೂ ಬೆಲ್ಟ್ ಬೇಕು. ಹಲಗೆಯನ್ನು ಎರಡು ತುಂಡು ಮಾಡಿಸಿ, ಹಗಲು ಎತ್ತಿಡುವ ಹಾಗೆ.

ಕೊನೆಗೆ ನನ್ನದೊಂದು ತಪ್ಪು ಹೇಳುತ್ತೇನೆ. ಇದು ನಡೆದದ್ದು ಚಂದ್ರತಾಲ್‌ನಿಂದ ಮನಾಲಿಗೆ ಇಳಿಯುವ ದಾರಿಯಲ್ಲಿ, ನೀವು ಆ ದಾರಿಗೆ ಹೋಗದಿದ್ದರೂ ಬೇರೆ ಕಡೆಯ ಹಳ್ಳಕ್ಕೂ ಇದು ಲೆಕ್ಕಕ್ಕೆ ಬರುತ್ತೆ. ಚಂದ್ರತಾಲ್‌ನಿಂದ ಬೇಗ ಹೊರಡಬೇಕಿತ್ತು. ಮಗ ನಿದ್ದೆಗೆಟ್ಟಿದ್ದ, ತಡವಾಯಿತು. ಬಾತಲ್ ದಾಟಿ ಛೋಟಾ ದಾರಾ ಹತ್ತಿರ ದಾರಿಗೆ ಅಡ್ಡ ಹರಿಯುವ ಹಳ್ಳಕ್ಕೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಬಿಸಿಲಿಗೆ ಮೇಲಿನ ಹಿಮ ಕರಗಿ ನೀರು ಬೂದಿ ಬಣ್ಣವಾಗಿತ್ತು, ತಳ ಕಾಣುತ್ತಿರಲಿಲ್ಲ. ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದು, ಗುಡುಗುಡು ಅಂತ. ಕಲ್ಲುಗಳು ತಳದಲ್ಲಿ ಉರುಳುವ ಸದ್ದು ಅದು. ಅದನ್ನು ಕೇಳಿಯೂ ನಾನು ಇಳಿಸಿದೆ. ನಡುವೆ ಎಡ ಮುಂಚಕ್ರ ಒಂದು ಕಲ್ಲಿಗೆ ಗುದ್ದಿ ನಿಂತಿತು, ಎಂಜಿನ್ ಆಫ್. ಬಾಗಿಲ ಕೆಳಗಿನಿಂದ ನೀರು ಒಳಗೆ ಬಂತು. ಹಿಮದ ನೀರು ಪಾದಕ್ಕೆ ತಾಗಿದ ಹೆಂಡತಿ ಕಿರುಚಲೂ ಇಲ್ಲ, ನನ್ನ ತೋಳು ಹಿಡಿದುಕೊಂಡಳು ಅಷ್ಟೇ. ಎದುರಿನಿಂದ ಬಂದ ಒಂದು ಲಾರಿಯವರು ಹಗ್ಗ ಹಾಕಿ ಎಳೆದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಟೈರಿನ ಪಕ್ಕ ಸೀಳಿತ್ತು, ಎಂಜಿನ್ ಒಣಗಬೇಕಿತ್ತು. ಆಚೆ ದಡದಲ್ಲೇ ಗಾಡಿಯಲ್ಲಿ ಮಲಗಿದೆವು. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಅದೇ ಹಳ್ಳ, ನೀರು ಹರಡಿನ ಗಂಟಿನವರೆಗೂ ಇಲ್ಲ. ತಿಳಿಯಾಗಿತ್ತು. ನಮ್ಮನ್ನು ನಿಲ್ಲಿಸಿದ ಕಲ್ಲು ನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು, ಅಕ್ಕಿ ಮೂಟೆಯಷ್ಟು ದಪ್ಪ. ಅದರ ಮೇಲೆ ನಮ್ಮ ಟೈರಿನ ಕಪ್ಪು ಗುರುತು. ಹದಿನಾರು ಗಂಟೆ ಕಾಯ್ದಿದ್ದರೆ ಸಾಕಿತ್ತು. ಕಾಯಲು ಹಾಸಿಗೆ, ಅಕ್ಕಿ, ಗ್ಯಾಸ್ ಎಲ್ಲ ನಮ್ಮ ಬೆನ್ನ ಹಿಂದೆಯೇ ಇತ್ತು.

ಬೀದರ್ ಸಿಸ್ಟರ್

ಟೈರ್ ಅಂಗಡಿ ಅಣ್ಣ ಹೇಳಿದ್ದೆಲ್ಲ ಸರಿ. ನಾನು ಸ್ಟಾಫ್ ನರ್ಸ್, ಸ್ಪಿತಿಗೆ ಎರಡು ಸಲ ಹೋಗಿದ್ದೇನೆ. ಆರೋಗ್ಯದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಅತ್ತೆಯವರನ್ನು ಹೊರಡುವ ಒಂದು ತಿಂಗಳ ಮೊದಲೇ ಅವರ ಡಾಕ್ಟರ್ ಹತ್ತಿರ ತೋರಿಸಿ, ಎಷ್ಟು ಎತ್ತರ ಅಂತ ಮೀಟರ್ ಸಮೇತ ಹೇಳಿ. ಎತ್ತರಕ್ಕೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ನೀವೇ ಮೆಡಿಕಲ್‌ನಲ್ಲಿ ತೆಗೆದುಕೊಂಡು ನುಂಗಬೇಡಿ. ಬಿಪಿ ಮಾತ್ರೆಯ ಜೊತೆ ಅದು ಹೊಂದುತ್ತಾ, ಸಲ್ಫಾ ಅಲರ್ಜಿ ಇದೆಯಾ, ಇದನ್ನೆಲ್ಲ ಡಾಕ್ಟರೇ ನೋಡಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದಿರಲಿ.

ಮಗಳ ಮೇಲೆ ಹೆಚ್ಚು ಕಣ್ಣಿಡಿ. ಮಕ್ಕಳು ತಲೆನೋವು ಅಂತ ಹೇಳಲ್ಲ. ಊಟ ಬೇಡ ಅಂತಾರೆ, ಕಿರಿಕಿರಿ ಮಾಡ್ತಾರೆ, ಆಡದೆ ಮಂಕಾಗಿ ಕೂರ್ತಾರೆ. ಹಟ ಅಂತ ಬೈಯಬೇಡಿ, ಅದೇ ಲಕ್ಷಣ ಇರಬಹುದು. ತಲೆನೋವಿನ ಜೊತೆ ವಾಂತಿ, ನಡೆಯುವಾಗ ತೂರಾಟ, ಕೂತಲ್ಲೇ ಏದುಸಿರು, ಇವು ಯಾರಿಗೆ ಬಂದರೂ ಬೆಳಗಾಗಲಿ ಅಂತ ಕಾಯಬೇಡಿ, ತಗ್ಗಿಗೆ ಇಳಿಯಿರಿ. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಅಲ್ಲಿ 90ರ ಆಸುಪಾಸು ತೋರಿಸಿದರೆ ಗಾಬರಿ ಬೇಡ. ನಂಬರ್‌ಗಿಂತ ಮನುಷ್ಯರ ಮುಖ ನೋಡಿ.

ಇನ್ನೊಂದು. ಸ್ಪಿತಿ ಒಣ ಮರುಭೂಮಿ, ಹೊರಗೆ ಕೂತ ಹೊಲಸು ಬೇಗ ಕೊಳೆಯಲ್ಲ. ಊರಿನ ಮನೆಗಳಲ್ಲಿ ಒಣ ಶೌಚಾಲಯ ಇರುತ್ತೆ, ಮೇಲೆ ಮಣ್ಣು ಹಾಕಿದರೆ ಮುಂದೆ ಅದೇ ಹೊಲಕ್ಕೆ ಗೊಬ್ಬರ. ಅದನ್ನೇ ಕೇಳಿ ಬಳಸಿ. ಪ್ಲಾಸ್ಟಿಕ್ ಎಲ್ಲ ವಾಪಸ್ ತನ್ನಿ.

ಮಾಜಿ ಸೈನಿಕ, ಮಡಿಕೇರಿ

ಸೇನೆಯಲ್ಲಿದ್ದಾಗ ಕಿನ್ನೌರ್ ಕಡೆ ಇದ್ದೆ. ಒಂದೇ ಮಾತು. ಆ ದಾರಿಯಲ್ಲಿ ಕಲ್ಲು ಬೀಳುವ ಜಾಗ ಅಂತ ಬೋರ್ಡ್ ಇರುತ್ತೆ. ಅಲ್ಲಿ ಫೋಟೋಗೂ ನಿಲ್ಲಬೇಡಿ, ಚಹಾಕ್ಕೂ ನಿಲ್ಲಬೇಡಿ. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಹೊರಡುವ ಆತುರ ಬೇಡ. ನೆನೆದ ಗುಡ್ಡ ಬಿಸಿಲು ಬಂದ ಮೇಲೂ ಜಾರುತ್ತೆ. 2021ರ ಆಗಸ್ಟ್‌ನಲ್ಲಿ ನಿಗುಲ್ಸಾರಿಯಲ್ಲಿ ಗುಡ್ಡ ಕುಸಿದು ಬಸ್ಸೇ ಮಣ್ಣಿನಡಿ ಹೋಯಿತು. ಮಳೆಗಾಲಕ್ಕೆ ಮುಂಚೆ ಮೇನಲ್ಲಿ ಹೋಗುತ್ತಿರುವುದು ಒಳ್ಳೆಯ ನಿರ್ಧಾರ ತಂಗಿ. ಆಗ ಸಾಂಗ್ಲಾ, ಕಲ್ಪಾ ಕಡೆ ಸೇಬಿನ ಹೂವು ಸಿಗಬಹುದು, ತಿಂಗಳ ಮೊದಲ ಭಾಗದಲ್ಲೇ ಅಲ್ಲಿರಿ.

ಬೇಕರಿ ಮನೆ, ತುಮಕೂರು

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಎಲ್ಲರನ್ನೂ ಕೂರಿಸಿಕೊಂಡು ಓದಿ ಹೇಳಿದೆ. ಹಳ್ಳದ ಕಥೆ ಕೇಳಿ ಅತ್ತೆ, "ಆ ಲಾರಿಯವನ ಹೊಟ್ಟೆ ತಣ್ಣಗಿರಲಿ" ಅಂದರು.

ಮನಾಲಿ, ಚಂದ್ರತಾಲ್ ಎರಡೂ ಬಿಟ್ಟೆವು. ಮಗಳು ಸ್ವಲ್ಪ ಅತ್ತಳು. ಆಮೇಲೆ ತಾಬೋ ಎಲ್ಲಿದೆ ಅಂತ ಮ್ಯಾಪ್ ಹುಡುಕಿ, ಮೇ ಅಮಾವಾಸ್ಯೆ ಯಾವತ್ತು ಅಂತ ಕ್ಯಾಲೆಂಡರ್‌ನಲ್ಲಿ ಸುತ್ತು ಹಾಕಿದ್ದಾಳೆ. ನಾನೂ ನಮ್ಮನೆಯವರೂ ಗಾಡಿ ತೆಗೆದುಕೊಂಡು ಮುಂದೆ ಹೋಗುತ್ತೇವೆ. ಮೇ ಬಿಸಿಲಲ್ಲಿ ನಾಗಪುರ, ಝಾನ್ಸಿ ದಾಟುವಾಗ ಅತ್ತೆ, ಮಗಳು ಗಾಡಿಯಲ್ಲಿ ಬೇಯುವುದು ಬೇಡ. ಅವರಿಬ್ಬರೂ ನನ್ನ ತಮ್ಮನ ಜೊತೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ, ಅಲ್ಲಿಂದ ಕಾಲ್ಕಾ, ಆಮೇಲೆ ಶಿಮ್ಲಾಕ್ಕೆ ಚಿಕ್ಕ ರೈಲು. ತಮ್ಮ ಶಿಮ್ಲಾದಿಂದ ವಾಪಸ್.

ಎರಡು ಪ್ರಶ್ನೆ ಉಳಿಯಿತು. ಸಾಂಗ್ಲಾದಲ್ಲಿ ಬಾಸ್ಪಾ ನದಿ ಪಕ್ಕ ಗಾಡಿ ನಿಲ್ಲಿಸಿ ಮಲಗಬಹುದಾ? ಕಾಜಾವರೆಗೂ ಹೋಗಲೇಬೇಕಾ, ತಾಬೋದಿಂದ ವಾಪಸ್ ಬಂದರೆ ಏನನ್ನಾದರೂ ಕಳೆದುಕೊಂಡ ಹಾಗಾಗುತ್ತಾ?

ಹಾವೇರಿ ಟೈರ್ ಅಂಗಡಿ

ನದಿಯ ಪಕ್ಕ ಅಂದರೆ ಮೇಲಿನ ದಡದಲ್ಲಿ, ನೀರಿಗಿಂತ ಎರಡು ಆಳು ಎತ್ತರದಲ್ಲಿ. ಕೆಳಗೆ ಉರುಟು ಕಲ್ಲಿನ ಚಪ್ಪಟೆ ಜಾಗ ಕಾಣುತ್ತೆ, ಗಾಡಿ ಇಳಿಯುವ ಜಾಡೂ ಇರುತ್ತೆ, ನೋಡಿದರೆ ಮನಸ್ಸಾಗುತ್ತೆ. ಆ ಕಲ್ಲು ಉರುಟಾಗಿದ್ದೇ ನೀರಿನಿಂದ. ಹಗಲು ಮೇಲೆ ಕರಗಿದ ಹಿಮದ ನೀರು ಕೆಳಗೆ ಮುಟ್ಟುವುದು ಸಂಜೆ, ರಾತ್ರಿ. ಸಾಂಗ್ಲಾ ಕೆಳಗೆ ವಿದ್ಯುತ್ತಿನ ಅಣೆಕಟ್ಟೂ ಇದೆ, ಅದರ ಕೆಳಗಿನ ನದಿಪಾತ್ರಕ್ಕಂತೂ ಇಳಿಯಲೇಬೇಡಿ.

ಕಾಜಾ ತಾಬೋದಿಂದ 47 ಕಿಲೋಮೀಟರ್. ಅತ್ತೆ, ಮಗಳು ಚೆನ್ನಾಗಿದ್ದರೆ ಬೆಳಿಗ್ಗೆ ಹೋಗಿ, ಕೀ ಮಠ ನೋಡಿ, ಸಂಜೆಗೆ ತಾಬೋದಲ್ಲೇ ವಾಪಸ್ ಮಲಗಿ. ಇಲ್ಲದಿದ್ದರೆ ಬಿಟ್ಟುಬಿಡಿ. ಮೇನಲ್ಲಿ ತಾಬೋದಲ್ಲಿ ಹೊಲ ಉಳುವುದು, ನೀರು ಹಾಯಿಸುವುದು ನಡೆದಿರುತ್ತೆ. ಕಾಲುವೆ ಪಕ್ಕ ಕೂತು ಅದನ್ನು ನೋಡುತ್ತಾ ಮೂರು ದಿನ ಕಳೆಯಬಹುದು.

ಹಲಗೆ ಮಾಡಿಸುವಾಗ 12 ಎಂಎಂ ಪ್ಲೈವುಡ್ ಸಾಲಲ್ಲ, 18 ಎಂಎಂ ತೆಗೆದುಕೊಳ್ಳಿ, ಮೂವರು ಮಲಗಬೇಕಲ್ವಾ. ಮತ್ತೆ ಕುಕ್ಕರ್‌ಗೆ ಒಂದು ಗ್ಯಾಸ್ಕೆಟ್ ಜಾಸ್ತಿ ಇಟ್ಟುಕೊಳ್ಳಿ. ನಮ್ಮದು ಕಾಜಾದಲ್ಲಿ ಹಾಳಾಯಿತು, ಆ ಅಳತೆಯದು ಅಲ್ಲಿ ಸಿಗಲಿಲ್ಲ.